ಖಾಲಿ ಡಬ್ಬಿಯ ಸ್ಪರ್ಧೆ

ಕಸದ ಡಬ್ಬಿಗೆ ಮುಚ್ಚಳ ಇರುವುದು ಯಾಕೆ? ಒಳಗಿನದು ಕಾಣಬಾರದು ಅಂತ. ಇಷ್ಟು ಸಣ್ಣ ವಿಷಯ ನಮ್ಮ ಬ್ರೆಡ್ ಫ್ಯಾಕ್ಟರಿಯ ಹೊಸ ಮ್ಯಾನೇಜರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಹೀಗೆ ಮಾಡಿದನೋ. ಬಂದ ತಿಂಗಳೊಳಗೆ ಹಳೆಯ ನೀಲಿ ಡ್ರಮ್ಮುಗಳನ್ನೆಲ್ಲ ಹೊರಗೆ ಹಾಕಿಸಿ, ಆಚೆಯಿಂದ ಈಚೆಗೆ ಕಾಣುವ ಪ್ಲಾಸ್ಟಿಕ್ ಡಬ್ಬಿಗಳನ್ನು ತರಿಸಿದ. ಒಂದೊಂದರ ಕೆಳಗೂ ತೂಕದ ಮಷೀನು. ಗೋಡೆಗೆ ಬಾಗಿಲಿನಷ್ಟು ದೊಡ್ಡ ಬೋರ್ಡು. ಶಿಫ್ಟು ಮುಗಿದಾಗ ಡಬ್ಬಿ ಹಗುರವಾಗಿದ್ದರೆ ಬೋರ್ಡಿನ ಮೇಲೆ ನಗುವ ಹಸಿರು ಮುಖ, ಭಾರವಾಗಿದ್ದರೆ ಅಳುವ ಕೆಂಪು ಮುಖ. ಮಕ್ಕಳನ್ನು ಹೆತ್ತು ಸಾಕಿದ ಹೆಂಗಸರು ನಾವು. ನಮ್ಮನ್ನು ಚಿಕ್ಕ ಮಕ್ಕಳ ಹಾಗೆ ಸಾಲಾಗಿ ನಿಲ್ಲಿಸಿ ಆ ಮುಖಗಳನ್ನು ತೋರಿಸುವಾಗ ಅವನಿಗೇ ನಾಚಿಕೆಯಾಗಬೇಕಿತ್ತು.

ಆಗಲಿಲ್ಲ. "ನನಗೆ ಬೇಕಾಗಿರೋದು ಇದು" ಅಂತ ಹೆಬ್ಬೆರಳು ತೋರುಬೆರಳು ಸೇರಿಸಿ ಗುಂಡಗೆ ಮಾಡಿ ಎತ್ತಿ ಹಿಡಿದ. "ಸೊನ್ನೆ. ಹಿಟ್ಟು ಬಂದಷ್ಟೂ ಬ್ರೆಡ್ಡಾಗಿ ಹೊರಗೆ ಹೋಗಬೇಕು."

ಅವತ್ತಿನಿಂದ ಅವನು ಸೊನ್ನೆ ಸಾಹೇಬ. ಟ್ರೇ ತೊಳೆಯುವ ಹೆಂಗಸರು ಅವನ ಬೆನ್ನ ಹಿಂದೆ ಬೆರಳು ಗುಂಡಗೆ ಮಾಡಿ ಅದರೊಳಗಿಂದ ಒಬ್ಬರನ್ನೊಬ್ಬರು ಇಣುಕಿ ನೋಡುತ್ತ ನಗೋರು. ನಾನು ನಗಲಿಲ್ಲ. ಯಾಕೆಂದರೆ ಅವನು ಮಾತು ಮುಗಿಸುವ ಮುಂಚೆ ಇನ್ನೊಂದು ಹೇಳಿದ್ದ. ಹಿಟ್ಟು ಕತ್ತರಿಸುವ ವಿಭಾಗದಲ್ಲಿ ಹಗಲು ಶಿಫ್ಟಿಗೊಬ್ಬಳು, ಸಂಜೆ ಶಿಫ್ಟಿಗೊಬ್ಬಳು ಸೂಪರ್‌ವೈಸರ್ ಇದ್ದೀವಿ. ಮೂರು ತಿಂಗಳಲ್ಲಿ ಯಾರ ಡಬ್ಬಿ ಹಗುರವೋ ಅವರು ತಮಗೆ ಬೇಕಾದ ಶಿಫ್ಟು ಆರಿಸಿಕೊಳ್ಳಬಹುದು.

ಸಂಜೆ ಶಿಫ್ಟು ನನ್ನದು. ಹಗಲು ಶಿಫ್ಟು ನನ್ನ ಓರಗಿತ್ತಿಯದು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯದು. ಅಕ್ಕ ಅಂತೀನಿ. ಒಂದೇ ಮನೆ, ಅವರು ಮೇಲೆ, ನಾವು ಕೆಳಗೆ. ಅವಳು ನನಗಿಂತ ಮೊದಲು ಕೆಲಸಕ್ಕೆ ಸೇರಿದವಳು, ಅದಕ್ಕೇ ಹಗಲು ಅವಳಿಗೆ ಸಿಕ್ಕಿತ್ತು. ನಾನು ಹೊರಡುವಾಗ ಮಗಳು ಸ್ಕೂಲಲ್ಲಿ, ಬರುವಾಗ ನಿದ್ದೆಯಲ್ಲಿ. ಗಂಡ ಲಾರಿ ಓಡಿಸೋನು. ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಾನೆ. ಅತ್ತೆಗೆ ಕಣ್ಣು ಮಂಜು.

ಮಗಳಿಗೆ ಓದೋದು ಬರುತ್ತಿಲ್ಲ. ದಡ್ಡಿಯಲ್ಲ, ಬಾಯಿಮಾತಿನಲ್ಲಿ ಎಲ್ಲರನ್ನೂ ಮಾರಿ ಬರುತ್ತಾಳೆ. ಅಕ್ಷರ ಕಂಡರೆ ಮಾತ್ರ ನಾಲಿಗೆ ಕಟ್ಟಿಹಾಕಿದ ಹಾಗೆ ಆಗುತ್ತೆ. ಟೀಚರ್ ನನ್ನನ್ನು ಕರೆಸಿ ಹೇಳಿದ್ದರು: "ದಿನಾ ಸಂಜೆ ಯಾರಾದ್ರೂ ಪಕ್ಕದಲ್ಲಿ ಕೂತು ಜೋರಾಗಿ ಓದಿಸಿ. ಬೇರೆ ಔಷಧಿ ಇಲ್ಲ ಇದಕ್ಕೆ. ಹೀಗೇ ಆದ್ರೆ ಇದೇ ಕ್ಲಾಸಲ್ಲಿ ಉಳಿಸಬೇಕಾಗುತ್ತೆ." ಹೂಂ ಅಂದು ಬಂದಿದ್ದೆ. ಆ ಸಂಜೆಯನ್ನು ಎಲ್ಲಿಂದ ತರೋದು?

ಹಾಗಾಗಿ ಆ ಡಬ್ಬಿಯನ್ನು ಕಂಡು ನಾನು ಎಷ್ಟು ಅಸಹ್ಯಪಟ್ಟರೂ ಅದು ನನಗೆ ಖಾಲಿ ಬೇಕಾಗಿತ್ತು.

ಹಿಟ್ಟು ಹಾಳಾಗುತ್ತಿದ್ದದ್ದು ಯಾಕೆ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು. ಕಲಸಿದ ಹಿಟ್ಟನ್ನು ಒಂದೊಂದು ಬ್ರೆಡ್ಡಿನ ಅಳತೆಗೆ ತುಂಡು ಮಾಡುವ ಮಷೀನಿಗೆ ನಾವು ಕಟರ್ ಅಂತೀವಿ. ಅದರ ಬ್ಲೇಡು ಸವೆದಿತ್ತು. ಕತ್ತರಿಸುವ ಬದಲು ಹಿಟ್ಟನ್ನು ಹರಿಯುತ್ತಿತ್ತು. ಹರಿದ ತುಂಡಿಗೆ ಒಂದು ಬಾಲ. ಆ ಬಾಲ, ತುಂಡುಗಳನ್ನು ಮುಂದಕ್ಕೆ ಸಾಗಿಸುವ ಪಟ್ಟಿಯ ಅಂಚಿಗೆ ಸಿಕ್ಕಿ, ತುಂಡಿಗೆ ತುಂಡೇ ಎಣ್ಣೆ ಗ್ರೀಸು ಮೆತ್ತಿಕೊಂಡು ನೆಲಕ್ಕೆ ಬೀಳುತ್ತಿತ್ತು. ನೆಲಕ್ಕೆ ಬಿದ್ದದ್ದು ಕಸ, ಇನ್ನೇನು. ಹೊಸ ಬ್ಲೇಡು ಸ್ಟೋರಿನಲ್ಲಿ ಕಾಗದ ಸುತ್ತಿಕೊಂಡು ಬಿದ್ದಿತ್ತು.

"ಹಾಕೋದಕ್ಕೆ ನಾನು ರೆಡಿ ಕಣಮ್ಮ" ಅನ್ನುತ್ತಿದ್ದ ಫಿಟ್ಟರ್. "ಅರ್ಧ ಶಿಫ್ಟು ಮಷೀನ್ ನಿಲ್ಲಿಸಿ ಕೊಡಿಸು. ಬಿಚ್ಚಿ, ತೊಳೆದು, ಕೂರಿಸಿ ಕೊಡ್ತೀನಿ."

ನಿಲ್ಲಿಸುವುದಕ್ಕೆ ಸಾಹೇಬ ಒಪ್ಪುವುದಿಲ್ಲ. ಹೆಡ್ ಆಫೀಸಿಗೆ ಹೋಗುವ ಲೆಕ್ಕದಲ್ಲಿ ಮಷೀನು ನಿಂತ ಹೊತ್ತಿಗೆ ಬೇರೆಯೇ ಒಂದು ಸಾಲು ಇದೆಯಂತೆ. ಅದರಲ್ಲೂ ಅವನಿಗೆ ಸೊನ್ನೆಯೇ ಬೇಕು. "ಬ್ಲೇಡ್ ವಿಷಯ ನನಗೂ ಗೊತ್ತಮ್ಮ" ಅಂದ, ನಾನು ಕೇಳಿದಾಗ. ಗುಟ್ಟು ಹೇಳುವವನ ಹಾಗೆ ದನಿ ಇಳಿಸಿ ಬೇರೆ. "ಈ ಮೂರು ತಿಂಗಳು ಕಳೀಲಿ. ಈಗ ಇದರಲ್ಲೇ ಎಷ್ಟು ಉಳಿಸ್ತೀರೋ ಉಳಿಸಿ."

ಉಳಿಸಿದೆ. ಹಿಟ್ಟು ಒಂದೇ ಸಮ ಬೀಳುವ ಹಾಗೆ ಸಣ್ಣ ಉಂಡೆ ಮಾಡಿ ಹಾಕಿಸಿದೆ. ಪಟ್ಟಿಯ ಅಂಚಿಗೆ ಒಬ್ಬಳನ್ನು ನಿಲ್ಲಿಸಿ, ಬಾಲ ಬಂದ ತುಂಡು ನೆಲಕ್ಕೆ ಬೀಳುವ ಮೊದಲೇ ತಟ್ಟೆಯಲ್ಲಿ ಹಿಡಿಸಿ, ಶುದ್ಧವಾಗಿರುವಾಗಲೇ ಮತ್ತೆ ಕಲಸುವುದಕ್ಕೆ ಕಳಿಸಿದೆ. ನಾನೂ ನಿಂತೆ. ಸೊಂಟ ನನ್ನದು ಅನ್ನಿಸುವುದು ಬಿಟ್ಟು ಯಾರದೋ ಅನ್ನಿಸುವ ತನಕ ನಿಂತೆ. ಡಬ್ಬಿ ಅರ್ಧಕ್ಕಿಳಿಯಿತು. ಬೋರ್ಡಿನ ಮೇಲೆ ನನ್ನ ಹೆಸರಿನ ಮುಂದೆ ಅಳುವ ಮುಖ ಹೋಗಿ, ನಗುವುದೋ ಅಳುವುದೋ ತಿಳಿಯದ ಹಳದಿ ಮುಖ ಬಂತು.

ಅಕ್ಕನ ಡಬ್ಬಿಯಲ್ಲಿ ಮಾತ್ರ ತಳ ಕಾಣುತ್ತಿತ್ತು. ಅದೇ ಮಷೀನು, ಅದೇ ಸವೆದ ಬ್ಲೇಡು.

"ಏನು ಮಂತ್ರ ಹಾಕ್ತೀಯಕ್ಕ?" ಅಂತ ಮೆಟ್ಟಿಲ ಹತ್ತಿರ ಕೇಳಿದೆ ಒಂದು ದಿನ.

"ಕೈಗುಣ ಕಣೇ" ಅಂದಳು, ಒಣಗಿದ ಬಟ್ಟೆ ಮಡಚುತ್ತ. "ನಿಮ್ಮ ಶಿಫ್ಟಿನವರು ಹಿಟ್ಟು ಮುಟ್ಟೋದು ನೋಡಿದ್ರೆ ಹಾವು ಮುಟ್ಟಿದ ಹಾಗಿರುತ್ತೆ. ಹೇಳಿಕೊಡಬೇಕು ಅವರಿಗೆ."

ಕೈಗುಣ ಏನು ಅಂತ ಮರುವಾರ ನೋಡಿದೆ. ಶಿಫ್ಟು ಬದಲಾಗುವುದಕ್ಕೆ ಸ್ವಲ್ಪ ಮೊದಲೇ ಹೋಗಿದ್ದೆ. ಟ್ರೇ ತೊಳೆಯುವ ಕೋಣೆಯಲ್ಲಿ ನೆಲದ ಮೋರಿಯ ಜಾಲರಿ ಎತ್ತಿಟ್ಟಿತ್ತು. ಅಕ್ಕ ಸೀರೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತು, ಬಕೆಟ್ಟಿನಿಂದ ಎಣ್ಣೆ ಮೆತ್ತಿದ ಹಿಟ್ಟನ್ನು ಕಿತ್ತು ಕಿತ್ತು ಮೋರಿಗೆ ಹಾಕಿ, ಪೊರಕೆಯ ಹಿಡಿಯಿಂದ ತುರುಕುತ್ತಿದ್ದಳು. ಪಕ್ಕದಲ್ಲಿ ಒಬ್ಬಳು ಉಗುರು ಬೆಚ್ಚಗಿನ ನೀರು ಹೊಯ್ಯುತ್ತಿದ್ದಳು, ಇಳಿದು ಹೋಗಲಿ ಅಂತ. ಹಿಟ್ಟು ಇಳಿಯುವಾಗ ಪೈಪು ಗೊಳಕ್ ಅಂತ ಒಂದು ಶಬ್ದ ಮಾಡಿತು, ಬಾಯ್ತುಂಬ ತುರುಕಿದರೆ ಮಕ್ಕಳು ಮಾಡುವ ಹಾಗೆ.

"ಅಕ್ಕ, ಅದು ಯೀಸ್ಟ್ ಹಾಕಿದ ಹಿಟ್ಟು" ಅಂದೆ.

ತಿರುಗಿ ನೋಡಿದಳು. ಗಾಬರಿಯಾಗಲಿಲ್ಲ. "ಗೊತ್ತು. ನಾನೇ ಕಲಸಿಸಿದ್ದು."

"ಪೈಪಲ್ಲಿ ಉಬ್ಬುತ್ತೆ."

"ಉಬ್ಬಿದ್ರೆ ಪೈಪಿನವರು ನೋಡ್ಕೋತಾರೆ. ನೀನು ನಿನ್ನ ಡಬ್ಬಿ ನೋಡ್ಕೋ ಹೋಗು." ಆಮೇಲೆ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದು, ಮೆಲ್ಲಗೆ, "ನನ್ನ ಮಗನಿಗೆ ಈ ವರ್ಷ ದೊಡ್ಡ ಪರೀಕ್ಷೆ. ಸಂಜೆ ನಾನು ಮನೇಲಿಲ್ಲ ಅಂದ್ರೆ ಅವನು ಬೀದೀಲಿರ್ತಾನೆ. ನಿನ್ನದು ಮಾತ್ರ ಮಗಳು, ನನ್ನದು ಮರದ ಗೊಂಬೆನಾ?"

ಅವಳ ಕೈಯಿಂದ ಹುಳಿ ವಾಸನೆ ಬರುತ್ತಿತ್ತು.

ಎರಡು ದಿನ ಹಲ್ಲು ಕಚ್ಚಿಕೊಂಡಿದ್ದು, ಮೂರನೆಯ ದಿನ ಸಾಹೇಬನ ಕೋಣೆಗೆ ಹೋದೆ. ಯಾರ ಹೆಸರೂ ಎತ್ತಲಿಲ್ಲ. "ಸಾರ್, ಹಿಟ್ಟು ಮೋರಿಗೆ ಹೋಗ್ತಾ ಇದೆ. ಡಬ್ಬಿ ಖಾಲಿ ಇರೋದು ಅದಕ್ಕೆ."

ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಪರದೆಯ ಮೇಲೆ ಒಂದು ಗೆರೆ ಜಾರುಬಂಡೆಯ ಹಾಗೆ ಕೆಳಗಿಳಿಯುತ್ತಿತ್ತು. "ಎಷ್ಟು ಚೆನ್ನಾಗಿ ಇಳೀತಿದೆ ನೋಡಿ" ಅಂದ.

"ಸಾರ್, ಮೋರಿ..."

"ಮೋರಿ ಕೆಳಗೆ ತೂಕದ ಮಷೀನ್ ಇದೆಯೇನಮ್ಮ?" ಈಗ ನನ್ನ ಕಡೆ ನೋಡಿ ನಕ್ಕ. "ಡಬ್ಬಿಯಲ್ಲಿದ್ದರೆ ವೇಸ್ಟ್. ಡಬ್ಬಿಯಲ್ಲಿಲ್ಲ ಅಂದ್ರೆ ಇಲ್ಲ. ಹೆಡ್ ಆಫೀಸಿನವರು ಬರ್ತಾ ಇದ್ದಾರೆ, ಬೇಡದ ಮಾತು ಬೇಡ."

ಅಂದರೆ ಇವನಿಗೆ ಗೊತ್ತು. ಮೊದಲಿನಿಂದಲೂ ಗೊತ್ತು. ಆ ನಗು ನನ್ನ ಮೈಗೆ ಅಂಟಿದ ಹಾಗಾಗಿ, ಹೊರಗೆ ಬಂದು ನಲ್ಲಿಯ ಕೆಳಗೆ ಮುಖ ಒಡ್ಡಿದೆ. ಬಿಸ್ಕತ್ತು ಕದ್ದ ಹುಡುಗರನ್ನು ಹಿಡಿದು ಹೊಡೆದವರನ್ನು ನೋಡಿದ್ದೀನಿ. ಇವನು ಕದಿಯೋದನ್ನು ನೋಡಿಕೊಂಡು ಬೆನ್ನು ತಟ್ಟೋನು.

ಹೆಡ್ ಆಫೀಸಿನವರು ಬರಬೇಕಾಗಿದ್ದದ್ದು ಹಬ್ಬದ ರಜೆ ಮುಗಿದ ಮರುದಿನ. ರಜೆಯ ದಿನ ಫ್ಯಾಕ್ಟರಿ ಪೂರ್ತಿ ಮುಚ್ಚಿತ್ತು. ನೀರು ಹರಿದಿರಲಿಲ್ಲ, ಒಲೆಗಳ ಕಾವು ಮಾತ್ರ ಒಳಗೇ ಉಳಿದಿತ್ತು. ಬೆಳಗ್ಗೆ ನಾನಿನ್ನೂ ಮಗಳ ಜಡೆ ಹಾಕುತ್ತಿದ್ದೆ, ಫೋನು ಬಂತು. ಸಾಹೇಬನೇ. "ಈಗಲೇ ಬನ್ನಿ. ಆಟೋ ಹಿಡಿದು ಬನ್ನಿ."

ಗೇಟಿನಲ್ಲೇ ವಾಸನೆ ಎದುರಾಯಿತು. ಹುಳಿ, ಹಳೆಯ ವಾಂತಿ, ಸತ್ತ ಇಲಿ, ಅದರ ಮೇಲೆ ಸಿಹಿಯಾಗಿ ಇನ್ನೇನೋ. ಸಿಹಿಯೇ ಎಲ್ಲಕ್ಕಿಂತ ಕೆಟ್ಟದ್ದು. ಟ್ರೇ ತೊಳೆಯುವ ಕೋಣೆಯ ಬಾಗಿಲಲ್ಲಿ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ಒಳಗೆ ಮೋರಿ ತನ್ನ ಜಾಲರಿಯನ್ನು ತಾನೇ ಎತ್ತಿ ಹಾಕಿತ್ತು. ಅದರ ಬಾಯಿಂದ ಬೂದು ಬಣ್ಣದ ಹಿಟ್ಟು ಮೇಲೆದ್ದು, ನೆಲದ ತುಂಬ ಹರಡಿ, ಗೋಡೆಯ ಬುಡಕ್ಕೆ ಒರಗಿಕೊಂಡಿತ್ತು. ಕೂದಲು, ಗ್ರೀಸು, ಟ್ರೇಗಳಿಂದ ಬಿದ್ದ ಕರಿ, ಯಾರದೋ ಕಿತ್ತುಹೋದ ಬ್ಯಾಂಡೇಜು, ಎಲ್ಲ ಅದರೊಳಗೆ. ಮೈ ತುಂಬ ತೂತು. ಒಂದೊಂದು ಗುಳ್ಳೆ ಉಬ್ಬಿ, ನಿಂತು, ಪುಸ್ ಅಂತ ಒಡೆಯುತ್ತಿತ್ತು. ಇನ್ನೂ ಉಬ್ಬುತ್ತಲೇ ಇತ್ತು ದರಿದ್ರದ್ದು.

ಅಕ್ಕ ಮೂಲೆಯಲ್ಲಿ ನಿಂತಿದ್ದಳು. ಮುಖ ಹುಳ್ಳಗಾಗಿತ್ತು. ಅವಳ ಕಡೆ ನೋಡದೆ ಸಾಹೇಬ ನನ್ನನ್ನು ಪಕ್ಕಕ್ಕೆ ಕರೆದ. ಮೂಗಿಗೆ ಕರ್ಚೀಫು, ಮಾತು ಅದರೊಳಗಿಂದಲೇ.

"ಅವರು ಬರೋ ಹೊತ್ತಿಗೆ ಇದು ಇಲ್ಲಿರಬಾರದು. ನೀವು ನಿಂತು ತೆಗೆಸಿ. ಚೀಲಕ್ಕೆ ತುಂಬಿ ಹಿಂದಿನ ಗೇಟಿಂದ ಕಳಿಸಿ. ಡಬ್ಬಿಗೆ ಮಾತ್ರ ಹಾಕಬೇಡಿ."

"ಯಾಕೆ ಸಾರ್?" ಅಂದೆ. ಗೊತ್ತಿದ್ದೂ ಕೇಳಿದೆ.

"ತೂಕ ಬರುತ್ತಲ್ಲಮ್ಮ!" ಅಂದ, ಇಷ್ಟೂ ತಿಳಿಯಲ್ವಾ ಅನ್ನುವ ಹಾಗೆ. ಆಮೇಲೆ ಇನ್ನೂ ಹತ್ತಿರ ಬಂದ. "ಹಗಲು ಶಿಫ್ಟಿನವರ ನಿರ್ಲಕ್ಷ್ಯ ಅಂತ ಬರ್ಕೋತೀನಿ. ನಾಳೆಯಿಂದ ಹಗಲು ನಿಮ್ಮದು. ಹಗಲು ಬೇಕು ಅಂತಿದ್ರಲ್ಲ?"

ಬೇಕಿತ್ತು. ನಾನು ಸೀರೆ ಸಿಕ್ಕಿಸಿ ಒಳಗಿಳಿದೆ. ಸಲಿಕೆಗೆ ಅದು ಬರುವುದಿಲ್ಲ, ಎಳೆದಷ್ಟೂ ಎಳೆಯಾಗಿ ಸಲಿಕೆಯನ್ನೇ ಹಿಡಿದುಕೊಳ್ಳುತ್ತೆ. ಕೊನೆಗೆ ಕೈಯಲ್ಲೇ ಬಾಚಿದೆವು. ಒಳಗೆ ಬೆಚ್ಚಗಿತ್ತು. ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ, ಬದುಕಿರುವ ಮೈಯೊಳಗೆ ಕೈ ಹಾಕಿದ ಹಾಗೆ ಬೆಚ್ಚಗಿತ್ತು. ಅಕ್ಕನೂ ಬಂದು ಪಕ್ಕದಲ್ಲಿ ಬಾಚತೊಡಗಿದಳು. ಒಂದೇ ಚೀಲದ ಬಾಯಿಗೆ ಇಬ್ಬರ ಕೈ. ಅವಳು ಎರಡು ಸಲ ಹೊರಗೆ ಓಡಿ ಕಾರಿಕೊಂಡು ಬಂದಳು.

"ಹಗಲು ನಿನಗೇನಾ?" ಅಂತ ಕೇಳಿದಳು, ತಲೆ ಎತ್ತದೆ.

"ಹೂಂ."

"ಒಳ್ಳೇದಾಗ್ಲಿ" ಅಂದಳು. ಆ ಒಳ್ಳೇದನ್ನು ಅವಳು ಹಿಟ್ಟಿನ ಜೊತೆಗೇ ಚೀಲಕ್ಕೆ ತುಂಬಿದಳು.

ಹೆಡ್ ಆಫೀಸಿನವರು ಬಂದಾಗ ನೆಲ ಫಳಫಳ ಅನ್ನುತ್ತಿತ್ತು, ಫಿನಾಯಿಲಿನ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವರು ಖಾಲಿ ಡಬ್ಬಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಸಾಹೇಬ ಬೆರಳು ಗುಂಡಗೆ ಮಾಡಿ ತೋರಿಸಿದ. ಚಪ್ಪಾಳೆ.

ಹಗಲು ಶಿಫ್ಟು ಸುಖ ಅಂತ ನಾನು ಸುಳ್ಳು ಹೇಳಲಾರೆ, ಆದರೆ ಸಂಜೆಗಳು ಬಂದವು. ಮಗಳು ಸ್ಕೂಲಿಂದ ಬಂದು ಚಪ್ಪಲಿ ಎಸೆಯುವ ಶಬ್ದ ನಾನು ಕೇಳಿದ್ದೇ ಆಗ. ನೆಲದ ಮೇಲೆ ಗೋಡೆಗೊರಗಿ ಕೂತು ಓದುತ್ತಿದ್ದೆವು. ಮೊದಮೊದಲು ಅಳು, ಪುಸ್ತಕ ಎಸೆತ, "ನಂಗೆ ಬರಲ್ಲ ಹೋಗು." ನಾನು ಒಂದು ಸಾಲು, ಅವಳು ಒಂದು ಸಾಲು. ನನಗೆ ತೂಕಡಿಕೆ ಬಂದರೆ ತೊಡೆಗೆ ಚಿವುಟುತ್ತಿದ್ದಳು. ಆಮೇಲೆ ಒಂದು ದಿನ, ಒತ್ತಕ್ಷರ ಬಂದ ಕಡೆ ನಿಂತವಳು ತಾನೇ ಹಿಂದಕ್ಕೆ ಹೋಗಿ, ಮತ್ತೆ ಬಂದು, ದಾಟಿದಳು. ಅತ್ತೆ ಒಳಗಿನಿಂದ "ಯಾರದು ಓದ್ತಿರೋದು?" ಅಂತ ಕೇಳಿದರು.

ಮೇಲಿನ ಮನೆಯಿಂದ ಮಾತ್ರ ಮಾತಿಲ್ಲ. ಅಕ್ಕ ಮೆಟ್ಟಿಲಲ್ಲಿ ಎದುರಾದರೆ ಗೋಡೆಯ ಕಡೆ ತಿರುಗುತ್ತಿದ್ದಳು.

ಬ್ಲೇಡು ಅದೇ. ಡಬ್ಬಿಯೂ ಅದೇ. ನನ್ನ ಹಗಲು ನಿಂತಿದ್ದದ್ದು ಆ ಡಬ್ಬಿಯ ಮೇಲೆ. ಬ್ಲೇಡು ಇನ್ನಷ್ಟು ಸವೆದು, ತುಂಡಿಗಿಂತ ಬಾಲವೇ ದೊಡ್ಡದಾಗತೊಡಗಿತು. ತಟ್ಟೆ ಹಿಡಿದವಳ ಕೈಗೆ ಸಿಗುವುದಕ್ಕಿಂತ ನೆಲಕ್ಕೆ ಬೀಳುವುದೇ ಹೆಚ್ಚು. ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ನನಗೆ ಅಳುವ ಮುಖ ಬರುವುದು ಖಂಡಿತ ಅನ್ನಿಸಿತು. ಆಗ ಅಕ್ಕನ ಕಾಲದಿಂದಲೂ ಹಗಲು ಶಿಫ್ಟಿನಲ್ಲಿದ್ದ ಹೆಂಗಸೊಬ್ಬಳು, ನಾನು ಹೇಳದೆಯೇ, ಬಕೆಟ್ಟಿಗೆ ಹಿಟ್ಟು ತುಂಬಿಕೊಂಡು ಮೋರಿಯ ಕಡೆ ನಡೆದಳು. ಜಾಲರಿಯ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದಳು.

"ಸ್ವಲ್ಪಾನೇ ಮೇಡಂ" ಅಂದಳು. "ಈ ಸಲ ಜಾಸ್ತಿ ನೀರು ಹಾಕ್ತೀನಿ."

ನಾನು ಬೇರೆ ಕಡೆ ತಿರುಗಿದರೆ ಸಾಕಿತ್ತು. ತಿರುಗಲೂ ಹೊರಟೆ, ನಿಜ ಹೇಳಬೇಕೆಂದರೆ. ಅಷ್ಟರಲ್ಲಿ ಅವಳು ಜಾಲರಿ ಎತ್ತಿದಳು. ಒಳಗಿನಿಂದ ಆ ಸಿಹಿ ಬಂತು. ಮೊಣಕೈ ತನಕ ಆ ಬೆಚ್ಚನೆಯದು ಹತ್ತಿದ ಹಾಗಾಯಿತು. ನ್ಯಾಯ, ನಿಯತ್ತು ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಮಗಳೂ ಇರಲಿಲ್ಲ. ಇನ್ನೊಂದು ಸಲ ಅದರೊಳಗೆ ಕೈ ಹಾಕಲಾರೆ, ಅಷ್ಟೇ.

ಹೋಗಿ ಕಟರಿನ ಕೆಂಪು ಗುಂಡಿ ಒತ್ತಿದೆ.

ಮಷೀನು ನಿಂತಾಗ ಎಲ್ಲರ ಕಿವಿಯೂ ಖಾಲಿಯಾದ ಹಾಗಾಯಿತು. ಫಿಟ್ಟರ್ ಓಡಿ ಬಂದ. "ಏನಾಯ್ತಮ್ಮ? ಯಾರ ಕೈ ಸಿಕ್ತು?"

"ಯಾರದೂ ಇಲ್ಲ. ಬ್ಲೇಡ್ ತಗೊಂಡು ಬಾ."

"ಸಾಹೇಬರು..."

"ನಾನು ನಿಲ್ಲಿಸಿದ್ದು ಅಂತ ಹೇಳು. ತಗೊಂಡು ಬಾ ಅಂದ್ನಲ್ಲ."

ಅವನು ಬಿಚ್ಚಿಹಾಕುವ ಹೊತ್ತಿಗೆ ಸಾಹೇಬ ಬಂದ. ಹರಡಿದ ಬೋಲ್ಟುಗಳನ್ನು, ಅಂಚೆಲ್ಲ ಮೊಂಡಾದ ಹಳೆಯ ಬ್ಲೇಡನ್ನು, ನನ್ನನ್ನು ನೋಡಿದ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಇಲ್ಲ. ನೊಂದವನಂತೆ ನೋಡಿದ.

"ನಿಮಗೆ ಹಗಲು ಕೊಟ್ಟೆ ನಾನು" ಅಂದ.

"ಹೌದು ಸಾರ್."

"ಅರ್ಧ ಶಿಫ್ಟು ನಿಲ್ಲೋದು ಅಂದ್ರೆ ಏನು ಗೊತ್ತಾ? ನಾನು ಹೆಡ್ ಆಫೀಸಿಗೆ ಏನು ಹೇಳಲಿ?"

"ಬ್ಲೇಡ್ ಬದಲಾಯಿಸಿದ್ವಿ ಅಂತ ಹೇಳಿ."

"ಸೋಮವಾರದಿಂದ ಸಂಜೆಗೆ ಬನ್ನಿ" ಅಂದು ಹೊರಟ. ಬಾಗಿಲಲ್ಲಿ ನಿಂತು ಫಿಟ್ಟರಿಗೆ, "ಬೇಗ ಮುಗಿಸಯ್ಯ, ನಿಂತ್ಕೊಂಡು ಏನು ನೋಡ್ತೀಯ?" ಅಂದ.

ಮರುದಿನ ಹಿಟ್ಟು ಸೋಪು ಕತ್ತರಿಸಿದ ಹಾಗೆ ಬೀಳುತ್ತಿತ್ತು. ಬಾಲ ಇಲ್ಲ, ಎಣ್ಣೆ ಇಲ್ಲ. ಎರಡೂ ಶಿಫ್ಟಿನ ಡಬ್ಬಿಯ ತಳದಲ್ಲಿ ಒಂದು ಬೊಗಸೆಯಷ್ಟು, ಅದೂ ನಿಜವಾದದ್ದು. ವಾರ ಮುಗಿಯುವುದರೊಳಗೆ ಸಾಹೇಬನ ಪರದೆಯ ಮೇಲಿನ ಗೆರೆ ಇನ್ನೂ ಕೆಳಗಿಳಿದು, ಅದರ ಪಕ್ಕದಲ್ಲಿ 'ಮ್ಯಾನೇಜರ್ ಅವರ ಸುಧಾರಣೆ' ಅಂತ ಬರೆದಿತ್ತಂತೆ. ಟ್ರೇ ತೊಳೆಯುವವರು ಹೇಳಿದರು. ಉಗುಳೋಣ ಅನ್ನಿಸಿತು, ನೆಲ ತೊಳೆಯಬೇಕಾದವರು ಮತ್ತೆ ನಮ್ಮವರೇ ಅಂತ ನುಂಗಿಕೊಂಡೆ.

ಹಗಲು ಅಕ್ಕನಿಗೆ ಹೋಯಿತು. ಅದು ತಿಳಿದ ಮರುಬೆಳಗ್ಗೆ, ನಾನು ಕೆಲಸಕ್ಕೆ ಹೊರಟಾಗ, ಮೆಟ್ಟಿಲ ಹತ್ತಿರ ಅವಳು ಮೊದಲ ಸಲ ನಿಂತಳು. "ಹುಚ್ಚಿ" ಅಂದಳು. "ಕೈಗೆ ಬಂದಿದ್ದನ್ನ ಯಾರಾದ್ರೂ ಬಿಡ್ತಾರೇನೇ?"

"ವಾಸನೆ ತಡಿಯೋಕಾಗಲಿಲ್ಲ ಅಕ್ಕ."

ಅವಳು ತನ್ನ ಅಂಗೈಯನ್ನು ಮೂಗಿನ ಹತ್ತಿರ ಒಯ್ದು, ತಟ್ಟನೆ ಇಳಿಸಿ, ಮೇಲೆ ಹೋದಳು.

ಭಾನುವಾರ ಸಂಜೆ ಮಗಳ ಪಕ್ಕದಲ್ಲಿ ಕೂತೆ. ಅವಳು ಪಾಠದ ನಡುವೆ ಇದ್ದಳು. ಒಂದು ಪುಟ ಮುಗಿಯಲಿ ಅಂತ ಕಾದೆ. ಆಮೇಲೆ ಹೇಳಿದೆ, ನಾಳೆಯಿಂದ ಅಮ್ಮ ಮತ್ತೆ ಸಂಜೆ ಶಿಫ್ಟು ಅಂತ.

"ಯಾಕೆ?"

ಸುಳ್ಳು ಹುಡುಕಿದೆ, ಸಿಗಲಿಲ್ಲ. ಎಲ್ಲ ಹೇಳಿಬಿಟ್ಟೆ: ಮೋರಿ, ಹಿಟ್ಟು, ಅದರೊಳಗಿನ ಕೂದಲು, ಬ್ಯಾಂಡೇಜು, ಪುಸ್ ಅನ್ನುವ ಗುಳ್ಳೆ. ಅವಳು "ಥೂ! ಥೂ!" ಅನ್ನುತ್ತ ಮೂಗು ಹಿಡಿದುಕೊಂಡು ನಗುತ್ತ ನನ್ನ ಮೇಲೆ ಬಿದ್ದಳು. ನಾನೂ ನಕ್ಕೆ. ಆಮೇಲೆ ನಗು ನಿಂತಿತು.

"ಅಂದ್ರೆ ಇವತ್ತೇ ಕೊನೇದಾ?"

"ಭಾನುವಾರ ಇದ್ದೇ ಇರುತ್ತಲ್ಲ."

ಅವಳು ಭಾನುವಾರದ ತನಕ ಬೆರಳು ಮಡಚಿ ಎಣಿಸಿದಳು. ಕೋಪ ಬಂದಿದೆ ಅಂತ ಅವಳ ಮೂಗಿನ ತುದಿ ಹೇಳುತ್ತಿತ್ತು. ಪುಸ್ತಕ ಎಸೆಯುತ್ತಾಳೆ ಅಂದುಕೊಂಡೆ. ಎಸೆಯಲಿಲ್ಲ. ಪುಟ ತಿರುವಿ, ಬೆರಳಿಟ್ಟು, ನನ್ನ ಕಡೆ ನೋಡದೆ ಹೇಳಿದಳು: "ಇನ್ನೂ ಮೂರು ಪುಟ ಇದೆ. ನಿದ್ದೆ ಮಾಡಬೇಡ, ಚಿವುಟ್ತೀನಿ."